ಬಲವೂ ವಿವೇಕವೂ: ಗ್ರೀಸಿನ ಇತಿಹಾಸದಿಂದ ಒಂದು ಪಾಠ

ಲೋಕವ್ಯವಹಾರದಲ್ಲಿ ಧರ್ಮದ ಮಾತು ನಡೆಯುವುದಿಲ್ಲವೆಂಬ ಅಭಿಪ್ರಾಯವನ್ನು ನಾವೆಲ್ಲರೂ ಹಲವು ಬಾರಿ ಕೇಳಿದ್ದೇವೆ. ಮನೆಯಲ್ಲಿ ಸತ್ಯ, ಕ್ಷಮೆ, ದಯೆಗಳನ್ನು ಆದರಿಸುವವರು ಕೂಡ ರಾಷ್ಟ್ರ ರಾಷ್ಟ್ರಗಳ ವ್ಯವಹಾರದ ಪ್ರಸ್ತಾಪ ಬಂದೊಡನೆ ಧ್ವನಿ ಬದಲಿಸಿ, ಅಲ್ಲಿ ಬಲವೊಂದೇ ಪ್ರಮಾಣವೆಂದು ಹೇಳಿಬಿಡುತ್ತಾರೆ. ತಮ್ಮ ಮಾತಿಗೆ ಶಾಸ್ತ್ರದ ಬೆಂಬಲವಿದೆಯೆಂದು ತೋರಿಸಲು ‘ವಾಸ್ತವವಾದ’ವೆಂಬ ಹೆಸರನ್ನೂ ಬಳಸುತ್ತಾರೆ. ಈ ವಾದದ ಆಚಾರ್ಯರೆನಿಸಿಕೊಂಡವರು ನಿಜವಾಗಿಯೂ ಹಾಗೆಯೇ ಹೇಳಿದ್ದಾರೆಯೆ? ಬಲವುಳ್ಳವನು ಮನಬಂದಂತೆ ನಡೆಯಬಹುದೆಂಬುದು ಅವರ ಉಪದೇಶವೆ? ಇತಿಹಾಸದ ಒಂದು ಪ್ರಸಿದ್ಧ ಪ್ರಕರಣವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಾಸ್ತವವಾದದ ಮೂಲಕಲ್ಪನೆ ಸರಳವಾದುದು. ಒಂದು ರಾಜ್ಯದೊಳಗೆ ಇಬ್ಬರು ಪ್ರಜೆಗಳಿಗೆ ವ್ಯಾಜ್ಯವಾದರೆ ಅದನ್ನು ತೀರ್ಮಾನಿಸಲು ನ್ಯಾಯಾಲಯವಿದೆ. ತೀರ್ಪನ್ನು ಜಾರಿಗೆ ತರಲು ಆರಕ್ಷಕರಿದ್ದಾರೆ. ರಾಷ್ಟ್ರಗಳ ಮೇಲೆ ಅಂತಹ ಒಡೆಯನಿಲ್ಲ. 1945ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಗೂ ತನ್ನದೇ ಆದ ಸ್ಥಾಯಿ ಸೈನ್ಯವಿಲ್ಲ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಒಬ್ಬರು ವಿರೋಧಿಸಿದರೂ ಮಹತ್ವದ ನಿರ್ಣಯಗಳು ಬಿದ್ದುಹೋಗುತ್ತವೆ. ಆದುದರಿಂದ ಪ್ರತಿಯೊಂದು ರಾಷ್ಟ್ರವೂ ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಬಲವನ್ನು ಸಂಪಾದಿಸಬೇಕಾಗುತ್ತದೆ. ಒಬ್ಬನು ಆತ್ಮರಕ್ಷಣೆಗೆಂದು ಕಟ್ಟಿದ ಕೋಟೆ ನೆರೆಯವನ ಕಣ್ಣಿಗೆ ಆಕ್ರಮಣದ ಸಿದ್ಧತೆಯಾಗಿ ಕಾಣುತ್ತದೆ; ಅವನೂ ಕೋಟೆ ಕಟ್ಟುತ್ತಾನೆ. ಹೀಗೆ ಭಯದಿಂದ ಬಲ, ಬಲದಿಂದ ಭಯ ಬೆಳೆಯುತ್ತ ಹೋಗುತ್ತವೆ.

ನಮ್ಮ ಹಿರಿಯರು ಇದನ್ನೇ ಮತ್ಸ್ಯನ್ಯಾಯವೆಂದು ಕರೆದರು. ಆದರೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುತ್ತದೆಯೆಂದು ಹೇಳುವುದು ಬೇರೆ, ನುಂಗಬೇಕೆಂದು ಹೇಳುವುದು ಬೇರೆ. ಮೊದಲನೆಯದು ಲೋಕದ ವರ್ಣನೆ, ಎರಡನೆಯದು ವಿಧಿ. ಈ ಭೇದವನ್ನು ಮರೆತವರೇ ವಾಸ್ತವವಾದವನ್ನು ಕ್ರೌರ್ಯದ ಸಮರ್ಥನೆಯಾಗಿ ಓದುತ್ತಾರೆ.

ಇತಿಹಾಸಕಾರನೊಬ್ಬನ ಸಾಕ್ಷ್ಯ

ವಾಸ್ತವವಾದಿಗಳು ತಮ್ಮ ಮೂಲಪುರುಷನೆಂದು ಎಣಿಸುವುದು ಪ್ರಾಚೀನ ಗ್ರೀಸಿನ ಇತಿಹಾಸಕಾರ ಥೂಸಿಡಿಡೀಸನನ್ನು. ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವೆ ಕ್ರಿ.ಪೂ. 431ರಿಂದ 404ರವರೆಗೆ ನಡೆದ ಪೆಲೊಪೊನೀಸಿಯನ್ ಯುದ್ಧದ ಚರಿತ್ರೆಯನ್ನು ಬರೆದವನು ಇವನು. ಸ್ವತಃ ಅಥೆನ್ಸಿನ ಸೇನಾನಿಯಾಗಿದ್ದು, ಆಂಫಿಪೊಲಿಸ್ ಪಟ್ಟಣವನ್ನು ಶತ್ರುವಿನಿಂದ ಉಳಿಸಿಕೊಳ್ಳಲಾರದೆ ಹೋದುದರಿಂದ ಇಪ್ಪತ್ತು ವರ್ಷ ದೇಶಭ್ರಷ್ಟನಾಗಿ ಬಾಳಿದವನು. ಎರಡೂ ಪಕ್ಷಗಳನ್ನು ದೂರದಿಂದ ನೋಡುವ ಅವಕಾಶ ಅವನಿಗೆ ಆ ಶಿಕ್ಷೆಯಿಂದಲೇ ಒದಗಿತು. ಯುದ್ಧಕ್ಕೆ ಹೊರಗೆ ಹೇಳಲಾದ ಕಾರಣಗಳು ಏನೇ ಇರಲಿ, ಅಥೆನ್ಸಿನ ಬಲ ಬೆಳೆದುದು ಮತ್ತು ಅದರಿಂದ ಸ್ಪಾರ್ಟಾದಲ್ಲಿ ಭಯ ಹುಟ್ಟಿದುದು ನಿಜವಾದ ಕಾರಣವೆಂಬುದು ಅವನ ನಿರ್ಣಯ.

ಆ ಬಲ ಬೆಳೆದ ಬಗೆಯನ್ನು ಗಮನಿಸಬೇಕು. ಪರ್ಷಿಯಾದ ದಂಡಯಾತ್ರೆಯನ್ನು ಎದುರಿಸಲೆಂದು ಕ್ರಿ.ಪೂ. 478ರಲ್ಲಿ ಗ್ರೀಕ್ ನಗರಗಳು ಒಂದು ಒಕ್ಕೂಟವನ್ನು ರಚಿಸಿಕೊಂಡವು. ಅದರ ಭಂಡಾರ ಡೀಲಾಸ್ ದ್ವೀಪದಲ್ಲಿತ್ತು. ಕ್ರಿ.ಪೂ. 454ರಲ್ಲಿ ಆ ಭಂಡಾರವನ್ನು ಅಥೆನ್ಸಿಗೆ ಸಾಗಿಸಲಾಯಿತು. ಸಮಾನರ ಒಕ್ಕೂಟ ಕ್ರಮೇಣ ಸಾಮ್ರಾಜ್ಯವಾಯಿತು. ಸ್ವಇಚ್ಛೆಯ ವಂತಿಗೆ ಕಪ್ಪವಾಯಿತು. ಬಿಟ್ಟುಹೋಗಬೇಕೆಂದ ನಗರ ದ್ರೋಹಿಯೆನಿಸಿತು. ಯುದ್ಧದ ಆರಂಭದಲ್ಲಿ ಅಥೆನ್ಸಿನ ನಾಯಕನಾಗಿದ್ದ ಪೆರಿಕ್ಲೀಸನು, ಯುದ್ಧ ಮುಗಿಯುವವರೆಗೆ ಸಾಮ್ರಾಜ್ಯವನ್ನು ವಿಸ್ತರಿಸಲು ಹೋಗಬಾರದೆಂದು ತನ್ನವರಿಗೆ ಎಚ್ಚರಿಕೆ ಕೊಟ್ಟಿದ್ದನು. ಆದರೆ ಕ್ರಿ.ಪೂ. 429ರಲ್ಲಿ, ಮಹಾಮಾರಿ ನಗರವನ್ನು ಪೀಡಿಸುತ್ತಿದ್ದ ಕಾಲದಲ್ಲಿ, ಅವನು ತೀರಿಕೊಂಡನು.

ಮಿಟಿಲೀನಿಗೆ ಹೋದ ಎರಡು ಹಡಗುಗಳು

ಲೆಸ್ಬಾಸ್ ದ್ವೀಪದ ಮಿಟಿಲೀನಿ ನಗರ ಕ್ರಿ.ಪೂ. 428ರಲ್ಲಿ ಅಥೆನ್ಸಿನ ವಿರುದ್ಧ ದಂಗೆಯೆದ್ದಿತು. ಮರುವರ್ಷ ಅದು ಶರಣಾಗತವಾದಾಗ ಅಥೆನ್ಸಿನ ಸಭೆ ಕೋಪದ ಭರದಲ್ಲಿ ಭಯಂಕರವಾದ ನಿರ್ಣಯವನ್ನು ಕೈಗೊಂಡಿತು: ಪ್ರಾಯಕ್ಕೆ ಬಂದ ಗಂಡಸರನ್ನೆಲ್ಲ ಕೊಲ್ಲುವುದು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾಡುವುದು. ಆಜ್ಞೆಯನ್ನು ಹೊತ್ತ ಹಡಗು ಅಂದೇ ಹೊರಟಿತು.

ಮರುದಿನ ಬೆಳಗಾಗುವಷ್ಟರಲ್ಲಿ ಜನರ ಮನಸ್ಸು ಕದಡಿತ್ತು. ತಪ್ಪು ಮಾಡಿದವರನ್ನು ಮಾತ್ರವಲ್ಲದೆ ಇಡೀ ನಗರವನ್ನೇ ಅಳಿಸುವುದು ಕ್ರೂರವೆಂದು ಅನೇಕರಿಗೆ ತೋರಿತು. ಸಭೆ ಮತ್ತೆ ಕೂಡಿತು. ಕ್ಲಿಯಾನನೆಂಬ ನಾಯಕ, ಸಾಮ್ರಾಜ್ಯವನ್ನು ಆಳುವವರಿಗೆ ಕನಿಕರ ಅಪಾಯಕಾರಿಯೆಂದೂ ಹಿಂದಿನ ದಿನದ ನಿರ್ಣಯವನ್ನು ಬದಲಿಸಕೂಡದೆಂದೂ ವಾದಿಸಿದನು. ಅವನಿಗೆ ಉತ್ತರ ಕೊಟ್ಟವನು ಡಿಯೊಡೊಟಸ್. ಅವನ ವಾದದ ರೀತಿ ಗಮನಾರ್ಹವಾದುದು. ಅವನು ಕರುಣೆಯ ಹೆಸರನ್ನೆತ್ತಲಿಲ್ಲ. ಮಿಟಿಲೀನಿಯವರು ಅಪರಾಧಿಗಳೋ ಅಲ್ಲವೋ ಎಂಬುದು ಸಭೆಯ ಮುಂದಿರುವ ಪ್ರಶ್ನೆಯಲ್ಲ, ಅಥೆನ್ಸಿಗೆ ಹಿತವಾವುದು ಎಂಬುದೇ ಪ್ರಶ್ನೆ ಎಂದನು. ಶರಣಾದರೂ ಸಾವೇ ಗತಿಯೆಂದು ತಿಳಿದರೆ ಇನ್ನು ಮುಂದೆ ದಂಗೆಯೆದ್ದ ಯಾವ ನಗರವೂ ಶರಣಾಗುವುದಿಲ್ಲ. ಕಡೆಯ ಉಸಿರಿನವರೆಗೂ ಹೋರಾಡುತ್ತದೆ. ಕೊನೆಗೆ ಅಥೆನ್ಸಿಗೆ ಸಿಕ್ಕುವುದು ಕಪ್ಪ ಕೊಡಲಾರದ ಪಾಳು ಊರು. ಅಲ್ಲದೆ ಅಲ್ಲಿನ ಸಾಮಾನ್ಯ ಜನ ಆಯುಧ ಕೈಗೆ ಬಂದೊಡನೆ ನಗರವನ್ನು ಒಪ್ಪಿಸಿದವರು. ಅವರನ್ನೂ ಕೊಂದರೆ ಬೇರೆ ನಗರಗಳಲ್ಲಿರುವ ಮಿತ್ರರನ್ನು ತಾವೇ ಶತ್ರುಗಳನ್ನಾಗಿ ಮಾಡಿಕೊಂಡಂತಾಗುತ್ತದೆ. ಇದು ಅವನ ಲೆಕ್ಕಾಚಾರ.

ಕೈಯೆತ್ತಿ ಮತ ಹಾಕಿದಾಗ ಡಿಯೊಡೊಟಸನ ಪಕ್ಷ ಅಲ್ಪ ಅಂತರದಿಂದ ಗೆದ್ದಿತು. ಕೂಡಲೇ ಎರಡನೆಯ ಹಡಗನ್ನು ಕಳುಹಿಸಲಾಯಿತು. ಮೊದಲನೆಯದು ಆಗಲೇ ಸುಮಾರು ಒಂದು ಹಗಲು ಒಂದು ರಾತ್ರಿಯ ದಾರಿ ಮುಂದೆ ಹೋಗಿತ್ತು. ಹುಟ್ಟು ಹಾಕುವವರು ಕೆಲಸ ನಿಲ್ಲಿಸದೆ, ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಜವೆಯ ಹಿಟ್ಟನ್ನು ಕುಳಿತಲ್ಲಿಯೇ ತಿಂದು, ಸರದಿಯ ಮೇಲೆ ನಿದ್ರೆಮಾಡುತ್ತ ಸಾಗಿದರು. ಮೊದಲ ಹಡಗಿನವರಿಗೆ ಹೊತ್ತ ಸುದ್ದಿಯೇ ಭಾರವಾಗಿ ಅವರು ಅವಸರಪಡಲಿಲ್ಲ. ಅಲ್ಲಿನ ಸೇನಾಧಿಪತಿ ಮೊದಲ ಆಜ್ಞೆಯನ್ನು ಓದಿ ಅದನ್ನು ನಡೆಸಲು ಸಿದ್ಧನಾಗುವ ಹೊತ್ತಿಗೆ ಎರಡನೆಯ ಹಡಗು ದಡ ಮುಟ್ಟಿತು. ನಗರ ಉಳಿಯಿತು. ಆದರೂ ದಂಗೆಯ ಮುಂದಾಳುಗಳೆಂದು ಹಿಡಿದು ತಂದಿದ್ದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಲಾಯಿತೆಂದು ಥೂಸಿಡಿಡೀಸ್ ಬರೆಯುತ್ತಾನೆ. ಆದುದರಿಂದ ಇದನ್ನು ಶುದ್ಧ ದಯೆಯ ಕಥೆಯೆಂದು ಹೇಳಲಾಗದು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಸಭೆಯನ್ನು ಮತ್ತೆ ಕೂಡಿಸಿದುದು ಜನರ ಪಶ್ಚಾತ್ತಾಪ. ಮತವನ್ನು ಗೆದ್ದುಕೊಟ್ಟದ್ದು ಡಿಯೊಡೊಟಸನ ಲೆಕ್ಕಾಚಾರ. ಪಶ್ಚಾತ್ತಾಪವಿಲ್ಲದಿದ್ದರೆ ಲೆಕ್ಕಾಚಾರಕ್ಕೆ ವೇದಿಕೆಯೇ ದೊರೆಯುತ್ತಿರಲಿಲ್ಲ. ಲೆಕ್ಕಾಚಾರವಿಲ್ಲದಿದ್ದರೆ ಪಶ್ಚಾತ್ತಾಪ ಕ್ಲಿಯಾನನ ಮಾತಿನೆದುರು ಸೋಲುತ್ತಿತ್ತು.

ಅದೇ ವರ್ಷ ಸ್ಪಾರ್ಟಾದವರೂ ಪ್ಲಾಟಿಯಾ ನಗರವನ್ನು ಹಿಡಿದು, ಶರಣಾದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಅಲ್ಲಿಗೆ ಎರಡನೆಯ ಆಜ್ಞೆ ಯಾವುದೂ ಬರಲಿಲ್ಲ. ಕ್ರೌರ್ಯ ಒಂದೇ ಪಕ್ಷದ ಸೊತ್ತಾಗಿರಲಿಲ್ಲವೆಂಬುದನ್ನು ತಿಳಿಸಲು ಇಷ್ಟು ಹೇಳಬೇಕಾಯಿತು.

ಮೀಲೋಸಿನ ಸಂವಾದ

ಹನ್ನೊಂದು ವರ್ಷಗಳ ತರುವಾಯ, ಕ್ರಿ.ಪೂ. 416ರಲ್ಲಿ, ಅಥೆನ್ಸಿನ ಪಡೆ ಮೀಲೋಸ್ ಎಂಬ ಚಿಕ್ಕ ದ್ವೀಪಕ್ಕೆ ಬಂದಿಳಿಯಿತು. 38 ಹಡಗುಗಳು, ಮೂರು ಸಾವಿರವನ್ನು ಮೀರಿದ ಯೋಧರು. ಮೀಲೋಸಿನವರು ಮೂಲತಃ ಸ್ಪಾರ್ಟಾದಿಂದ ಬಂದು ನೆಲೆಸಿದವರು. ಅಥೆನ್ಸಿನ ಒಕ್ಕೂಟಕ್ಕೆ ಸೇರದೆ ತಟಸ್ಥರಾಗಿ ಉಳಿಯಬಯಸಿದವರು. ಅಥೆನ್ಸಿನ ದೂತರು ಅಲ್ಲಿನ ಅಧಿಕಾರಿಗಳೊಡನೆ ನಡೆಸಿದ ಮಾತುಕತೆಯನ್ನು ಥೂಸಿಡಿಡೀಸ್ ಸಂವಾದದ ರೂಪದಲ್ಲಿ ಕೊಟ್ಟಿದ್ದಾನೆ. ವಾಸ್ತವವಾದವನ್ನು ಬೋಧಿಸುವ ಎಲ್ಲೆಡೆಯೂ ಈ ಭಾಗವನ್ನು ಓದಿಸುತ್ತಾರೆ.

ದೂತರು ನ್ಯಾಯದ ಮಾತನ್ನೇ ಬದಿಗಿಡಲು ಹೇಳುತ್ತಾರೆ. ಸಮಬಲರ ನಡುವೆ ಮಾತ್ರ ನ್ಯಾಯಕ್ಕೆ ಸ್ಥಾನವಿದೆ, ಬಲಹೀನರಿಗೆ ಸಹಿಸುವುದೇ ದಾರಿ ಎಂಬುದು ಅವರ ನಿಲುವು. ಮೀಲೋಸಿನವರು ಕೊಡುವ ಉತ್ತರ ದೂರದೃಷ್ಟಿಯದು: ಎಲ್ಲರಿಗೂ ಸಾಧಾರಣವಾದ ನ್ಯಾಯವನ್ನು ಉಳಿಸಿಕೊಳ್ಳುವುದು ನಿಮಗೇ ಹಿತ, ನಿಮ್ಮ ಪತನದ ದಿನ ಬಂದರೆ ನಿಮಗೆ ಆಗುವ ದಂಡನೆ ಲೋಕಕ್ಕೆಲ್ಲ ನಿದರ್ಶನವಾದೀತು. ದೂತರು ಅದನ್ನು ಲಕ್ಷಿಸುವುದಿಲ್ಲ. ತಟಸ್ಥ ದ್ವೀಪವೊಂದನ್ನು ಹಾಗೆಯೇ ಬಿಟ್ಟರೆ ತಮ್ಮ ಅಧೀನದಲ್ಲಿರುವವರು ತಮ್ಮನ್ನು ದುರ್ಬಲರೆಂದು ಬಗೆದಾರೆಂಬುದು ಅವರ ಭಯ.

ಮೀಲೋಸಿನವರ ಕಡೆಯಿಂದಲೂ ತಪ್ಪು ಎಣಿಕೆ ನಡೆಯಿತು. ದೇವತೆಗಳು ಕಾಯುವರೆಂದೂ ಸ್ಪಾರ್ಟಾ ನೆರವಿಗೆ ಬರುವುದೆಂದೂ ನಂಬಿ ಅವರು ಶರಣಾಗಲು ಒಪ್ಪಲಿಲ್ಲ. ಸ್ಪಾರ್ಟಾ ಬರಲಿಲ್ಲ. ಮುತ್ತಿಗೆ ಚಳಿಗಾಲದವರೆಗೂ ನಡೆದು, ಒಳಗಿನವರ ದ್ರೋಹವೂ ಸೇರಿ, ನಗರ ಬಿದ್ದಿತು. ಕೈಗೆ ಸಿಕ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಮಾರಿ, ತಮ್ಮ 500 ಮಂದಿಯನ್ನು ತಂದು ಅಥೆನ್ಸಿನವರು ಅಲ್ಲಿ ನೆಲೆಗೊಳಿಸಿದರು. ಈ ಬಾರಿ ಮರುದಿನ ಸಭೆ ಕೂಡಿದ ವರದಿಯಿಲ್ಲ. ಎರಡನೆಯ ಹಡಗು ಹೊರಡಲಿಲ್ಲ.

ಕರ್ಮದ ಫಲ

ಮೀಲೋಸಿನ ಸಂವಾದವನ್ನು ಮಾತ್ರ ಓದಿ ಪುಸ್ತಕವನ್ನು ಮುಚ್ಚುವವರು ಬಲದ ಜಯವನ್ನು ಕಾಣುತ್ತಾರೆ. ಪುಟ ತಿರುಗಿಸಿದರೆ ಬೇರೆಯೇ ಚಿತ್ರ. ಮರುವರ್ಷವೇ, ಕ್ರಿ.ಪೂ. 415ರಲ್ಲಿ, ಅಥೆನ್ಸ್ ಸಿಸಿಲಿಯ ಮೇಲೆ ದಂಡೆತ್ತಿ ಹೋಯಿತು. ನಿಸಿಯಸ್ ಎಂಬ ಹಿರಿಯ ಸೇನಾನಿ ಈ ಸಾಹಸ ಬೇಡವೆಂದನು. ಇರುವ ಶತ್ರುಗಳನ್ನು ಹಿಂದೆ ಬಿಟ್ಟು ಹೊಸಬರನ್ನು ಹುಡುಕಿಕೊಂಡು ಹೋಗುವುದು ಅವಿವೇಕವೆಂಬುದು ಅವನ ಮಾತಿನ ಸಾರ. ತರುಣ ನಾಯಕ ಆಲ್ಸಿಬಿಯಾಡಿಸನ ಉತ್ಸಾಹವೇ ಗೆದ್ದಿತು. ಕ್ರಿ.ಪೂ. 413ರಲ್ಲಿ ಸಿರಾಕ್ಯೂಸ್ ನಗರದ ಬಳಿ ಆ ಮಹಾಸೈನ್ಯ ಸಂಪೂರ್ಣವಾಗಿ ನಾಶವಾಯಿತು. ಸುಮಾರು 7000 ಮಂದಿ ಸೆರೆಯಾಳುಗಳನ್ನು ಕಲ್ಲುಗಣಿಗಳಲ್ಲಿ ಕೂಡಿಹಾಕಲಾಯಿತು. ಹಗಲಿನ ಬಿಸಿಲು, ರಾತ್ರಿಯ ಚಳಿ, ಪಕ್ಕದಲ್ಲಿಯೇ ರಾಶಿಬಿದ್ದ ಹೆಣಗಳು, ಅರೆಹೊಟ್ಟೆಗೂ ಸಾಲದ ಅನ್ನ ನೀರು. ಯುದ್ಧ ಬೇಡವೆಂದಿದ್ದ ನಿಸಿಯಸನೂ ಅಲ್ಲಿಯೇ ಕೊಲೆಯಾದನು.

ಥೂಸಿಡಿಡೀಸನ ಗ್ರಂಥ ಕ್ರಿ.ಪೂ. 411ರ ಘಟನೆಗಳೊಡನೆ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನದನ್ನು ಕ್ಸೆನೊಫನ್ ಬರೆದಿದ್ದಾನೆ. ಕ್ರಿ.ಪೂ. 405ರಲ್ಲಿ ಈಗೊಸ್ಪೊಟಮಿ ಎಂಬಲ್ಲಿ ಅಥೆನ್ಸಿನ ಕೊನೆಯ ನೌಕಾಬಲವೂ ನಾಶವಾಯಿತು. ಸುದ್ದಿ ರಾತ್ರಿಯ ವೇಳೆ ಬಂದರನ್ನು ಮುಟ್ಟಿತು. ಗೋಳಿನ ದನಿ ಬಂದರಿನಿಂದ ನಗರದವರೆಗೆ, ಬಾಯಿಂದ ಬಾಯಿಗೆ ಹಬ್ಬಿತು. ಆ ರಾತ್ರಿ ಯಾರೂ ನಿದ್ರಿಸಲಿಲ್ಲ. ಸತ್ತವರಿಗಾಗಿ ಮಾತ್ರ ಅವರು ಅತ್ತುದಲ್ಲ. ಮೀಲೋಸಿನವರಿಗೂ ಇತರ ನಗರಗಳವರಿಗೂ ತಾವು ಮಾಡಿದುದೇ ಇನ್ನು ತಮಗೂ ಆಗುವುದೆಂಬ ಭಯದಿಂದ ಅತ್ತರೆಂದು ಕ್ಸೆನೊಫನ್ ಹೇಳುತ್ತಾನೆ. ಹನ್ನೊಂದು ವರ್ಷಗಳ ಹಿಂದೆ ದೂತರು ತಳ್ಳಿಹಾಕಿದ್ದ ಎಚ್ಚರಿಕೆ ಅಂದು ಮನೆಮನೆಯಲ್ಲಿ ನೆನಪಾಯಿತು. ಮಾಡಿದ ಕರ್ಮ ಕರ್ತೃವನ್ನೇ ಹುಡುಕಿಕೊಂಡು ಬರುತ್ತದೆಂಬುದನ್ನು ನಂಬಿದ ನಮಗೆ ಈ ರಾತ್ರಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಥೆನ್ಸ್ ಕ್ರಿ.ಪೂ. 404ರಲ್ಲಿ ಶರಣಾಯಿತು. ಕಾರಿಂತ್ ಮತ್ತು ಥೀಬ್ಸ್ ನಗರಗಳವರು ಅದನ್ನು ನಿರ್ನಾಮ ಮಾಡಬೇಕೆಂದು ಪಟ್ಟುಹಿಡಿದರು. ಸ್ಪಾರ್ಟಾ ಒಪ್ಪಲಿಲ್ಲ. ಪರ್ಷಿಯಾದ ವಿಪತ್ತಿನಲ್ಲಿ ಗ್ರೀಸಿಗೆ ಮಹೋಪಕಾರ ಮಾಡಿದ ನಗರವನ್ನು ಗುಲಾಮಗಿರಿಗೆ ತಳ್ಳಲಾರೆವೆಂದಿತು. ಥೀಬ್ಸ್ ಅತಿಯಾಗಿ ಬೆಳೆಯದಂತೆ ತಡೆಯಲು ಅಥೆನ್ಸ್ ಉಳಿದಿರಬೇಕೆಂಬ ಎಣಿಕೆಯೂ ಇದ್ದಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಇಲ್ಲಿಯೂ ಕೃತಜ್ಞತೆ ಮತ್ತು ಸ್ವಹಿತ ಒಂದೇ ದಾರಿಯನ್ನು ತೋರಿದವು. ಅಥೆನ್ಸಿನ ಕೋಟೆಗೋಡೆಗಳು ಉರುಳಿದವು, ಜನ ಉಳಿದರು. ಅಳಿದುಳಿದ ಮೀಲೋಸಿನವರನ್ನು ಸ್ಪಾರ್ಟಾದ ಸೇನಾನಿ ಲೈಸ್ಯಾಂಡರ್ ಅವರ ದ್ವೀಪಕ್ಕೆ ಮರಳಿ ಕಳುಹಿಸಿದನು.

ಇಪ್ಪತ್ತನೆಯ ಶತಮಾನದ ವಾಸ್ತವವಾದಿಗಳು

ಆಧುನಿಕ ಕಾಲದಲ್ಲಿ ಈ ಪಂಥಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಹಾನ್ಸ್ ಮಾರ್ಗೆಂಥೌ ಅಗ್ರಗಣ್ಯರು. 1904ರಲ್ಲಿ ಜರ್ಮನಿಯ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದ ಇವರು ನಾಜಿಗಳ ಕಾಲದಲ್ಲಿ ನೆಲೆ ಕಳೆದುಕೊಂಡು 1937ರಲ್ಲಿ ಅಮೆರಿಕಕ್ಕೆ ಬಂದರು. 1948ರಲ್ಲಿ ಪ್ರಕಟವಾದ ಅವರ ‘ಪಾಲಿಟಿಕ್ಸ್ ಅಮಾಂಗ್ ನೇಷನ್ಸ್’ ಗ್ರಂಥ ರಾಷ್ಟ್ರಗಳ ನಡೆಯನ್ನು ಬಲ ಮತ್ತು ಹಿತಗಳ ಮೂಲಕ ವಿವರಿಸಿತು. ರಾಜಕಾರಣಿಗೆ ಬೇಕಾದ ಅತ್ಯುನ್ನತ ಗುಣವೆಂದು ಅವರು ಎಣಿಸಿದ್ದು ವಿವೇಕವನ್ನು, ಅಂದರೆ ಕಾರ್ಯದ ಪರಿಣಾಮವನ್ನು ಮೊದಲೇ ತೂಗಿ ನೋಡುವ ಶಕ್ತಿಯನ್ನು. ತನ್ನ ರಾಷ್ಟ್ರದ ಆಸೆಗಳೇ ಲೋಕಧರ್ಮವೆಂದು ಭ್ರಮಿಸುವುದನ್ನು ಅವರು ದೊಡ್ಡ ದೋಷವೆಂದು ಖಂಡಿಸಿದರು.

ಈ ತತ್ತ್ವದ ಪರೀಕ್ಷೆ ವಿಯೆಟ್ನಾಂ ಯುದ್ಧದಲ್ಲಿ ನಡೆಯಿತು. ಬಲದ ಶಾಸ್ತ್ರವನ್ನು ಬರೆದವರು ಬಲಪ್ರಯೋಗವನ್ನು ಬೆಂಬಲಿಸುವರೆಂದು ನಿರೀಕ್ಷಿಸುವುದು ಸಹಜ. ಮಾರ್ಗೆಂಥೌ ಅದನ್ನು ವಿರೋಧಿಸಿದರು. ಆ ದೂರದ ದೇಶದಲ್ಲಿ ಅಮೆರಿಕದ ಜೀವನ್ಮರಣದ ಹಿತವೇನೂ ಇಲ್ಲ, ಅಲ್ಲಿನ ರಾಷ್ಟ್ರೀಯ ಭಾವನೆಯನ್ನು ಬಾಂಬುಗಳಿಂದ ಗೆಲ್ಲಲಾಗದು ಎಂಬುದು ಅವರ ವಾದ. 1965ರಲ್ಲಿ ಅಧ್ಯಕ್ಷರ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿಯವರೊಡನೆ ದೂರದರ್ಶನದಲ್ಲಿಯೇ ಅವರು ವಾದಿಸಿದರು. ಅವರ ಮಾತು ನಡೆಯಲಿಲ್ಲ. 1973ರಲ್ಲಿ ಅಮೆರಿಕದ ಸೈನ್ಯ ಹಿಂತಿರುಗಿತು. 1975ರ ಏಪ್ರಿಲ್ 30ರಂದು ಸೈಗಾನ್ ಪತನವಾಯಿತು. 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ವಿಯೆಟ್ನಾಮಿನ ಸಾವಿನ ಲೆಕ್ಕ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಮುಂದೆ 2002ರ ಸೆಪ್ಟೆಂಬರಿನಲ್ಲಿ ಇರಾಕಿನ ಮೇಲೆ ಯುದ್ಧದ ಸಿದ್ಧತೆ ನಡೆದಿದ್ದಾಗ, 33 ವಿದ್ವಾಂಸರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಜಾಹೀರಾತು ನೀಡಿ ಆ ಯುದ್ಧ ಅಮೆರಿಕದ ಹಿತಕ್ಕೆ ತಕ್ಕುದಲ್ಲವೆಂದು ಸಾರಿದರು. ಅವರಲ್ಲಿ ಕೆನೆತ್ ವಾಲ್ಟ್ಜ್, ಜಾನ್ ಮಿಯರ್‌ಶೈಮರ್ ಮೊದಲಾದ ಹೆಸರಾಂತ ವಾಸ್ತವವಾದಿಗಳಿದ್ದರು. 2003ರ ಮಾರ್ಚಿನಲ್ಲಿ ಯುದ್ಧ ನಡೆದೇ ನಡೆಯಿತು. ಯಾವ ಭೀಕರ ಅಸ್ತ್ರಗಳ ಹೆಸರಿನಲ್ಲಿ ಯುದ್ಧ ಹೂಡಲಾಯಿತೋ ಆ ಅಸ್ತ್ರಗಳ ಸಂಗ್ರಹ ಅಲ್ಲಿ ದೊರೆಯಲಿಲ್ಲ.

ಸೋಮದೇವಸೂರಿಯ ಎರಡು ಗ್ರಂಥಗಳು

ಈ ವಿವೇಕದ ಮಾರ್ಗ ಪಾಶ್ಚಾತ್ಯರಿಗೆ ಮಾತ್ರ ಮೀಸಲಾದುದಲ್ಲ. ರಾಜ್ಯಗಳ ಬಲಾಬಲವನ್ನು ಕುರಿತ ವಿಚಾರ ನಮ್ಮಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದಿಂದ ಬೆಳೆದು ಬಂದಿದೆ. ಆ ಪರಂಪರೆಯಲ್ಲಿ ಜೈನ ಮುನಿಯೊಬ್ಬರೂ ಸೇರಿದ್ದಾರೆಂಬುದು ವಾಚಕರಿಗೆ ವಿದಿತವೇ ಇದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಸೋಮದೇವಸೂರಿಗಳು ‘ಯಶಸ್ತಿಲಕ’ ಚಂಪೂವನ್ನು ಕ್ರಿ.ಶ. 959ರಲ್ಲಿ ಮುಗಿಸಿದರು. ಆದಿಕವಿ ಪಂಪನು ಆಸ್ಥಾನಕವಿಯಾಗಿದ್ದುದೂ ಇದೇ ಮನೆತನದಲ್ಲಿ. ಇವರ ಇನ್ನೊಂದು ಗ್ರಂಥ ‘ನೀತಿವಾಕ್ಯಾಮೃತ’ 32 ಸಮುದ್ದೇಶಗಳಲ್ಲಿ ರಾಜನೀತಿಯನ್ನು ಸೂತ್ರರೂಪವಾಗಿ ನಿರೂಪಿಸುತ್ತದೆ. ಅದು ಆರಂಭವಾಗುವುದೇ ಧರ್ಮ, ಅರ್ಥ, ಕಾಮಗಳನ್ನು ಫಲವಾಗಿ ಕೊಡುವ ರಾಜ್ಯಕ್ಕೆ ನಮಸ್ಕಾರದೊಡನೆ. ಕೋಶ, ದುರ್ಗ, ದಂಡ, ಮಿತ್ರ, ದೂತ, ಚಾರ ಎಲ್ಲವೂ ಅಲ್ಲಿವೆ. ಲೋಕದ ಭಯವನ್ನು ಕಂಡೂ ಕಾಣದಂತೆ ಅವರು ನಟಿಸಲಿಲ್ಲ. ಆದರೆ ಬುದ್ಧಿಯಿಂದ ಗೆಲ್ಲಲಾಗದಿದ್ದಾಗ ಮಾತ್ರ ಶಸ್ತ್ರಕ್ಕೆ ಕೈಹಾಕಬೇಕೆಂಬುದು ಅವರ ಮತ.

ಇದೇ ಕೈ ಯಶೋಧರನ ಕಥೆಯನ್ನೂ ಬರೆಯಿತು. ಮುಂದೆ ಜನ್ನನು ಕನ್ನಡಿಗರ ಮನೆಮಾತಾಗಿಸಿದ ಆ ಕಥೆಯಲ್ಲಿ ರಾಜನು ನಿಜವಾದ ಕೋಳಿಯನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಆ ಸಂಕಲ್ಪಹಿಂಸೆಗಾಗಿಯೇ ತಾಯಿಯೊಡನೆ ಜನ್ಮಜನ್ಮಾಂತರಗಳಲ್ಲಿ ನೋಯುತ್ತಾನೆ. ಸೇನೆ ಸಾಕುವುದನ್ನು ರಾಜನಿಗೆ ಬೋಧಿಸಿದವರೇ ಹಿಟ್ಟಿನ ಕೋಳಿಯ ಮೇಲೆತ್ತಿದ ಕತ್ತಿಗೂ ಫಲವುಂಟೆಂದು ಬರೆದರು. ಇದರಲ್ಲಿ ವಿರೋಧವಿಲ್ಲ. ರಕ್ಷಣೆಗಾಗಿ ಒದಗುವ ವಿರೋಧಿಹಿಂಸೆಗೂ ಬೇಕೆಂದೇ ಮಾಡುವ ಸಂಕಲ್ಪಹಿಂಸೆಗೂ ಗೃಹಸ್ಥಧರ್ಮ ಕಲ್ಪಿಸಿದ ಭೇದವನ್ನು ಅರಿತವರಿಗೆ ಎರಡೂ ಗ್ರಂಥಗಳು ಒಟ್ಟಿಗೆ ಅರ್ಥವಾಗುತ್ತವೆ. ಮೀಲೋಸ್ ಅಥೆನ್ಸಿನ ಮೇಲೆ ದಂಡೆತ್ತಿ ಬಂದಿರಲಿಲ್ಲ. ಅಲ್ಲಿ ನಡೆದುದು ರಕ್ಷಣೆಯಲ್ಲ, ಸಂಕಲ್ಪ.

ಉಪಸಂಹಾರ

ಹಾಗಾದರೆ ವಿವೇಕವೊಂದೇ ಸಾಕೆ? ಸಾಲದು. ಹಿತದ ಲೆಕ್ಕ ದಯೆಯ ಕಡೆಗೇ ಸದಾ ತೂಗುವುದೆಂಬ ಭರವಸೆಯಿಲ್ಲ. ಕೊಲ್ಲುವುದೇ ಲಾಭವೆಂದು ತೋರುವ ದಿನವೂ ಬರಬಹುದು. ಅಂದು ಡಿಯೊಡೊಟಸನ ವಾದ ಕ್ಲಿಯಾನನ ಕೈಯ ಆಯುಧವಾದೀತು. ಅದೇ ರೀತಿ ಬರಿಯ ಸದ್ಭಾವನೆಯೂ ಸಾಲದು. ಬಾರದ ನೆರವನ್ನು ನಂಬಿ ಕುಳಿತ ಮೀಲೋಸಿನವರು ಇದಕ್ಕೆ ಸಾಕ್ಷಿ. ಒಳಗಿನಿಂದ ಚುಚ್ಚುವ ಧರ್ಮಬುದ್ಧಿಯೂ ಹೊರಗಿನ ಲೋಕವನ್ನು ಇದ್ದಂತೆ ಕಾಣುವ ಕಣ್ಣೂ ಕೂಡಿದಾಗ ಮಾತ್ರ ಮಿಟಿಲೀನಿಯಂತಹ ಊರು ಉಳಿಯುತ್ತದೆ.

ನಾವು ರಾಜರಲ್ಲ, ಸೇನಾನಿಗಳಲ್ಲ. ಆದರೆ ಅಥೆನ್ಸಿನಲ್ಲಿ ಕೈಯೆತ್ತಿದವರೂ ರಾಜರಾಗಿರಲಿಲ್ಲ. ಕುಂಬಾರರು, ರೈತರು, ವರ್ತಕರು, ನಾವಿಕರು, ನಮ್ಮಂತಹ ಗೃಹಸ್ಥರು. ಪ್ರಜಾಪ್ರಭುತ್ವದಲ್ಲಿ ರಾಷ್ಟ್ರದ ನಿರ್ಣಯದ ಹೊಣೆಯಲ್ಲಿ ಪ್ರಜೆಗೂ ಒಂದು ಪಾಲಿದೆ. ಯುದ್ಧದ ಮಾತು ಎಲ್ಲರ ಬಾಯಲ್ಲೂ ಆಡುತ್ತಿರುವಾಗ, ಇಂದಿನ ನಿರ್ಣಯವನ್ನು ನಾಳೆ ಬೆಳಗ್ಗೆ ಇನ್ನೊಮ್ಮೆ ತೂಗಿ ನೋಡೋಣವೆಂದು ಹೇಳುವವನನ್ನು ಹೇಡಿಯೆಂದು ಜರೆಯುವುದು ಸುಲಭ. ಆದರೆ ಮಿಟಿಲೀನಿಯನ್ನು ಉಳಿಸಿದವರು ಅಂತಹವರೇ. ಮೊದಲ ಹಡಗು ಹೊರಟುಬಿಟ್ಟಿದೆ, ಇನ್ನೇನು ಮಾಡಲಾದೀತೆಂದು ಅವರು ಸುಮ್ಮನಿರಲಿಲ್ಲ, ಎರಡನೆಯದನ್ನು ಕಳುಹಿಸಿದರು.